ಹಳೆಯ ಪೋರ್ಷೆ ಕೊಂಡಿದ್ದೇನೆ, ಮೊದಲು ಏನು ಮಾಡಲಿ?

ಪ್ರಶ್ನೆ: 2002ರ ಪೋರ್ಷೆ 911 ಕರೆರಾ ಕೊಂಡು ಒಂದು ತಿಂಗಳಾಯಿತು. ಮ್ಯಾನ್ಯುಯಲ್ ಗೇರ್, ಓಡಿರುವುದು 90 ಸಾವಿರ ಕಿ.ಮೀ. ನಾನು ಮೂರನೇ ಮಾಲೀಕ. ಹಳೆಯ ಮಾಲೀಕರು ಫೈಲ್ ತುಂಬ ಬಿಲ್ ಕೊಟ್ಟಿದ್ದಾರೆ. ಕಾರು ಚೆನ್ನಾಗಿಯೇ ಓಡುತ್ತಿದೆ. ಆದರೆ ಎಂಜಿನ್ ಒಳಗಿನ ಐಎಂಎಸ್ (ನಡು ಶಾಫ್ಟ್) ಬೇರಿಂಗ್ ಒಡೆದು ಎಂಜಿನ್ ಹಾಳಾದ ಕಥೆಗಳನ್ನು ಓದಿ ನಿದ್ದೆ ಬರುತ್ತಿಲ್ಲ. ಈಗಲೇ ಬಿಚ್ಚಿಸಬೇಕಾ? ಜೊತೆಗೆ ಸೈಲೆನ್ಸರ್ ಬದಲಾಯಿಸುವ, ಅಗಲವಾದ ಚಕ್ರ ಹಾಕಿಸುವ ಆಸೆಯೂ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಫೈಲ್ ಹಿಡಿದು ಕೂತ್ಕೊಳ್ಳಿ. ಸ್ಪ್ಯಾನರ್ ಆಮೇಲೆ. ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ರಿಪೇರಿಯಿಂದಲ್ಲ, ಏನಾಗಿದೆ ಎಂದು ಗೊತ್ತಾಗುವ ಮೊದಲೇ ಮಾಡಿಸಿದ ರಿಪೇರಿಯಿಂದ.

ಬೇರಿಂಗ್ ವಿಷಯಕ್ಕೆ ಬರೋಣ. ನಿಮ್ಮ ಕಾರಿನಲ್ಲಿರುವುದು ಎಂ96 ಎಂಜಿನ್. ಅದರ ಹೊಟ್ಟೆಯೊಳಗೆ ಒಂದು ನಡು ಶಾಫ್ಟ್ ಇದೆ. ಕ್ರ್ಯಾಂಕ್ ತಿರುಗಿದಾಗ ಚೈನ್ ಮೂಲಕ ಈ ಶಾಫ್ಟ್ ತಿರುಗುತ್ತದೆ, ಈ ಶಾಫ್ಟ್‌ನಿಂದ ಚೈನ್‌ಗಳು ಹೋಗಿ ವಾಲ್ವ್ ತೆರೆಯುವ ಕ್ಯಾಮ್‌ಗಳನ್ನು ತಿರುಗಿಸುತ್ತವೆ. ಶಾಫ್ಟ್‌ನ ಒಂದು ತುದಿಯಲ್ಲಿ ಸೀಲ್ ಮಾಡಿದ ಬಾಲ್ ಬೇರಿಂಗ್ ಇದೆ. ವರ್ಷಗಳಾದಂತೆ ಸೀಲ್ ಗಟ್ಟಿಯಾಗುತ್ತದೆ. ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ನುಗ್ಗಿದ ಆಯಿಲ್ ಅಲ್ಲೇ ನಿಂತು ಹಾಳಾಗುತ್ತದೆ. ಆಮೇಲೆ ಬಾಲ್‌ಗಳು ಸವೆದು ಶಾಫ್ಟ್ ಅಲುಗಾಡಲು ಶುರುವಾಗುತ್ತದೆ. ಚೈನ್ ಜಾರಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ. ಅಲ್ಲಿಗೆ ಎಂಜಿನ್ ಮುಗಿಯಿತು.

ಶುರುವಿನ ಎಂಜಿನ್‌ಗಳಲ್ಲಿ ಎರಡು ಸಾಲು ಬಾಲ್‌ಗಳ ಬೇರಿಂಗ್ ಇತ್ತು. ಸುಮಾರು 2000ದಿಂದ 2005ರವರೆಗೆ ಬಂದದ್ದು ಒಂದೇ ಸಾಲಿನದು, ಜಾಸ್ತಿ ತೊಂದರೆ ಕೊಟ್ಟದ್ದು ಅದೇ. ನಿಮ್ಮದು ಆ ಗುಂಪಿನಲ್ಲಿದೆ. ಆಮೇಲೆ 2008ರವರೆಗೆ ದೊಡ್ಡ ಬೇರಿಂಗ್ ಬಂತು, ಆದರೆ ಎಂಜಿನ್ ಎರಡು ಹೋಳು ಮಾಡದೆ ಅದನ್ನು ಹೊರಗೆ ತೆಗೆಯಲು ಆಗುವುದಿಲ್ಲ. 2009ರ ಹೊಸ ಎಂಜಿನ್‌ನಲ್ಲಿ ಆ ಶಾಫ್ಟನ್ನೇ ಕೈಬಿಟ್ಟರು. ಅದೇ ಕಾಲದ ಟರ್ಬೊ ಮತ್ತು ಜಿಟಿ3 ಕಾರುಗಳ ಎಂಜಿನ್ ಬೇರೆ, ಅವುಗಳಿಗೆ ಈ ಚಿಂತೆ ಇಲ್ಲ.

ಹಾಗಂತ ನಿಮ್ಮ ಕಾರಿನಲ್ಲಿ ಬೇರಿಂಗ್ ಒಡೆದೇ ಒಡೆಯುತ್ತದೆ ಎಂದಲ್ಲ. ಎಷ್ಟೋ ಕಾರುಗಳು ಹಳೆಯ ಬೇರಿಂಗ್‌ನಲ್ಲೇ ಚೆನ್ನಾಗಿ ಓಡುತ್ತಿವೆ. ಆ ಬೇರಿಂಗ್ ಇರುವುದು ಕ್ಲಚ್ ಮತ್ತು ಫ್ಲೈವೀಲ್ ಹಿಂದೆ. ಅಲ್ಲಿಗೆ ಹೋಗಬೇಕಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಹಾಗಾಗಿ ಫೈಲ್‌ನಲ್ಲಿ ಕ್ಲಚ್ ಬದಲಾಯಿಸಿದ ಬಿಲ್ ಹುಡುಕಿ. ಅದರಲ್ಲೇ ಬೇರಿಂಗ್ ಕೂಡ ಇದ್ದರೆ ನಿಮ್ಮ ಅರ್ಧ ಚಿಂತೆ ಕಳೆಯಿತು. ಬಾಯಿಮಾತಿನ "ಮಾಡಿಸಿದ್ದೇನೆ" ಲೆಕ್ಕಕ್ಕಿಲ್ಲ, ಬಿಲ್ ಬೇಕು.

ಬಿಲ್ ಇಲ್ಲದಿದ್ದರೆ ಆಯಿಲ್ ಬದಲಾಯಿಸಿ. ಹಳೆಯ ಫಿಲ್ಟರ್ ಮಾತ್ರ ಎಸೆಯಬೇಡಿ. ಈ ಎಂಜಿನ್‌ನಲ್ಲಿ ಡಬ್ಬಿಯೊಳಗೆ ಕೂರುವ ಕಾಗದದ ಫಿಲ್ಟರ್ ಇರುತ್ತದೆ. ಅದರ ಕಾಗದವನ್ನು ಚೂಪಾದ ಬ್ಲೇಡ್‌ನಿಂದ ಕತ್ತರಿಸಿ ತೆಗೆಯಿರಿ. ಆಯಿಲ್ ಸೋರಿಹೋಗಲು ಬಿಡಿ. ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿ ಚೆನ್ನಾಗಿ ಬೆಳಕಿರುವ ಕಡೆ ನೋಡಿ. ಮೇಲೆ ಮ್ಯಾಗ್ನೆಟ್ ಆಡಿಸಿ. ಮ್ಯಾಗ್ನೆಟ್‌ಗೆ ಮಿನುಗುವ ಪುಡಿ ಅಂಟಿದರೆ ಅದು ಉಕ್ಕು, ಬೇರಿಂಗ್ ಮೇಲೆ ಅನುಮಾನ ಪಡಬೇಕು. ಮಿನುಗಿದರೂ ಅಂಟದಿದ್ದರೆ ಅದು ಅಲ್ಯೂಮಿನಿಯಂ, ಬೇರೆ ಕಡೆ ಹುಡುಕಬೇಕು. ಪ್ಲಾಸ್ಟಿಕ್ ಚೂರು ಕಂಡರೆ ಚೈನ್ ಪ್ಯಾಡ್ ಸವೆಯುತ್ತಿದೆ ಎಂದು ಅರ್ಥ.

ಉಕ್ಕಿನ ಪುಡಿ ಸಿಕ್ಕರೆ ಕಾರನ್ನು ಅಲ್ಲೇ ನಿಲ್ಲಿಸಿ. ಆಗ ಹೊಸ ಬೇರಿಂಗ್ ಹಾಕಿಸಿದರೂ ಉಪಯೋಗವಿಲ್ಲ. ಆ ಪುಡಿ ಆಯಿಲ್ ಜೊತೆ ಇಡೀ ಎಂಜಿನ್ ಸುತ್ತಿರುತ್ತದೆ, ಎಲ್ಲ ಬಿಚ್ಚಿ ತೊಳೆಯಲೇಬೇಕು. ಫಿಲ್ಟರ್ ಚೊಕ್ಕಟವಾಗಿದ್ದರೆ ಧೈರ್ಯವಾಗಿ ಓಡಿಸಿ. ಕ್ಲಚ್ ಸವೆದ ದಿನ ಗೇರ್‌ಬಾಕ್ಸ್ ಹೇಗೂ ಇಳಿಯುತ್ತದೆ, ಅವತ್ತೇ ಬೇರಿಂಗ್ ಮತ್ತು ಹಿಂಬದಿಯ ಕ್ರ್ಯಾಂಕ್ ಸೀಲ್ ಎರಡನ್ನೂ ಬದಲಾಯಿಸಿ. ಫ್ಲೈವೀಲ್ ಕೂಡ ಅಲ್ಲಾಡಿಸಿ ನೋಡಲು ಹೇಳಿ. ಒಂದೇ ಕೂಲಿಯಲ್ಲಿ ಮೂರು ಕೆಲಸ ಮುಗಿಯುತ್ತದೆ. ಆದರೆ ಬೇರಿಂಗ್ ತೆಗೆಯುವಾಗ ಕ್ಯಾಮ್‌ಗಳನ್ನು ಲಾಕ್ ಮಾಡಿ ಚೈನ್ ಬಿಗಿಯಾಗಿ ಹಿಡಿಯುವ ಟೆನ್ಷನರ್ ಸಡಿಲಿಸಬೇಕು, ಇಲ್ಲದಿದ್ದರೆ ಟೈಮಿಂಗ್ ತಪ್ಪುತ್ತದೆ. ಮೊದಲು ಈ ಕೆಲಸ ಮಾಡಿರುವವರ ಕೈಗೇ ಕೊಡಿ.

ಇನ್ನೊಂದು ಕೆಲಸ ಇದೇ ವಾರ ಮಾಡಿಸಿ. ಪೋರ್ಷೆ ಗೊತ್ತಿರುವ ಗ್ಯಾರೇಜ್‌ನಲ್ಲಿ ಎಂಜಿನ್ ಕಂಪ್ಯೂಟರ್‌ನಿಂದ ಎರಡು ಲೆಕ್ಕ ತೆಗೆಸಿ. ಒಂದು, ಎಂಜಿನ್ ಮಿತಿ ಮೀರಿ ತಿರುಗಿದ ದಾಖಲೆ. ಯಾರಾದರೂ ಜೋರಾಗಿ ಹೋಗುತ್ತಾ ತಪ್ಪಿ ಕೆಳಗಿನ ಗೇರ್ ಹಾಕಿದ್ದರೆ ಅದು ಅಲ್ಲಿ ಉಳಿದಿರುತ್ತದೆ. ಇನ್ನೊಂದು, ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎನ್ನುವುದು. 90 ಸಾವಿರ ಕಿ.ಮೀ.ಯನ್ನು ಆ ಗಂಟೆಗಳಿಂದ ಭಾಗಿಸಿ. 2,000 ಗಂಟೆ ಎಂದು ಬಂದರೆ ಸರಾಸರಿ ವೇಗ 45 ಕಿ.ಮೀ., ನಂಬಬಹುದು. 5,000 ಗಂಟೆ ಎಂದು ಬಂದರೆ ಸರಾಸರಿ ಬರೀ 18 ಕಿ.ಮೀ. ಆಗ ಕಾರು ಟ್ರಾಫಿಕ್‌ನಲ್ಲೇ ಜೀವನ ಕಳೆದಿರಬೇಕು, ಇಲ್ಲವೇ ಮೀಟರ್ ಹಿಂದಕ್ಕೆ ತಿರುಗಿಸಿರಬೇಕು.

ಉಳಿದದ್ದು ಸುಲಭ. ಬಿಲ್‌ನಲ್ಲಿ ತಾರೀಖು ಸಿಗದ ಪ್ರತಿಯೊಂದನ್ನೂ ಬದಲಾಗಿಲ್ಲ ಎಂದೇ ಲೆಕ್ಕ ಹಿಡಿಯಿರಿ. ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಬೆಲ್ಟ್, ಪ್ಲಗ್, ಏರ್ ಫಿಲ್ಟರ್ ಎಲ್ಲ ಹೊಸದಾಗಲಿ. ಎಂಜಿನ್‌ಗೆ ಸುಮಾರು 8 ಲೀಟರ್ ಆಯಿಲ್ ಹಿಡಿಯುತ್ತದೆ, ಡಬ್ಬಿ ಮೇಲೆ ಪೋರ್ಷೆ ಎ40 ಒಪ್ಪಿಗೆ ಬರೆದಿರಬೇಕು. ಕಾರು ಕಡಿಮೆ ಓಡಿದರೂ ವರ್ಷಕ್ಕೊಮ್ಮೆ ಬದಲಾಯಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ, ಉದ್ದ ಇಳಿಜಾರಿನಲ್ಲಿ ಪೆಡಲ್ ಒಳಗೆ ಹೋಗುವುದು ಆಗಲೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದನ್ನು ತಪ್ಪಿಸಬೇಡಿ. ಟಯರ್ ಪಕ್ಕದ ಕೋಡ್‌ನ ಕೊನೆಯ ನಾಲ್ಕು ಅಂಕಿ ಓದಿ. 2314 ಎಂದಿದ್ದರೆ 2014ರ 23ನೇ ವಾರದ್ದು. ಅಂಥ ಟಯರ್‌ನಲ್ಲಿ ಗೀರುಗಳು ಎಷ್ಟೇ ಆಳ ಇದ್ದರೂ ತೆಗೆಸಿ, ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಸಿಗುವುದಿಲ್ಲ.

ಸೈಲೆನ್ಸರ್ ಮತ್ತು ಚಕ್ರದ ಆಸೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ. ಆಸೆ ತಪ್ಪೆಂದಲ್ಲ. ಈಗ ನಿಮ್ಮ ಕಿವಿಗೆ ಈ ಕಾರಿನ ಸದ್ದು ಹೊಸದು. ಯಾವ ಟಿಕ್ ಟಿಕ್ ಯಾವಾಗಲೂ ಇರುವುದು, ಯಾವುದು ನಿನ್ನೆಯಿಂದ ಶುರುವಾದದ್ದು ಎಂದು ಗೊತ್ತಾಗಬೇಕು. ದೊಡ್ಡ ಸದ್ದಿನ ಸೈಲೆನ್ಸರ್ ಹಾಕಿದರೆ ಆ ಚಿಕ್ಕ ಸದ್ದು ಮುಚ್ಚಿಹೋಗುತ್ತದೆ.

ಪ್ರಶ್ನೆ: ನನ್ನದೂ ಅದೇ ಕಾಲದ 911. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಹೊಗೆ ಬರುತ್ತದೆ. ಒಬ್ಬರು ಮಾಮೂಲು ಎನ್ನುತ್ತಾರೆ, ಇನ್ನೊಬ್ಬರು ಎಂಜಿನ್ ಹೋಯಿತು ಎನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ಯಾವ ಬಣ್ಣ, ಎಷ್ಟು ಹೊತ್ತು ಎಂದು ನೋಡದೆ ಇಬ್ಬರೂ ಹೇಳುವ ಹಾಗಿಲ್ಲ. 911ರ ಸಿಲಿಂಡರ್‌ಗಳು ನೆಟ್ಟಗೆ ನಿಂತಿಲ್ಲ, ಎರಡೂ ಕಡೆ ಮಲಗಿವೆ. ಕಾರು ರಾತ್ರಿಯಿಡೀ ನಿಂತಾಗ ಚೂರು ಆಯಿಲ್ ಜಿನುಗಿ ಸಿಲಿಂಡರ್ ಒಳಗೆ ಬರುತ್ತದೆ, ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಪುಸ್ ಎಂದು ಬಂದು ಕೆಲವು ಸೆಕೆಂಡ್‌ಗಳಲ್ಲಿ ನಿಂತರೆ ಚಿಂತೆ ಬೇಡ.

ಹೊಗೆ ಬೆಳ್ಳಗೆ, ದಟ್ಟವಾಗಿ, ನಿಲ್ಲದೆ ಬಂದರೆ ಬೇರೆ ಮಾತು. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮೆಲ್ಲಗೆ ತೆಗೆಯಿರಿ. ಒಳಗಿಂದ ಎಳೆದು ಹಿಡಿದ ಹಾಗೆ ಬಿಗಿಯಾಗಿದ್ದರೆ ಆಯಿಲ್ ಸೆಪರೇಟರ್ ಒಡೆದಿದೆ. ಎಂಜಿನ್ ಒಳಗಿನ ಆವಿಯಿಂದ ಆಯಿಲ್ ಬೇರ್ಪಡಿಸುವ ಪ್ಲಾಸ್ಟಿಕ್ ಡಬ್ಬಿ ಅದು. ಒಳಗಿನ ರಬ್ಬರ್ ಪೊರೆ ಹರಿದರೆ ಎಂಜಿನ್ ಆಯಿಲನ್ನೇ ಹೀರುತ್ತದೆ. ಇದನ್ನು ಮುಂದೆ ಹಾಕಬೇಡಿ. ಸಿಹಿ ವಾಸನೆ ಬಂದು ಕೂಲಂಟ್ ಕೂಡ ಇಳಿಯುತ್ತಿದ್ದರೆ ಓಡಿಸುವುದನ್ನೇ ನಿಲ್ಲಿಸಿ.

ಹಾಗೆಯೇ ಎರಡೂ ಸೈಲೆನ್ಸರ್ ಬಾಯಿಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸಿ. ಒಂದು ಕಡೆ ಮಾತ್ರ ಕರಿ ಮಸಿ ದಪ್ಪಗೆ ಬರುತ್ತಿದೆಯಾ? ಎಂಜಿನ್ ಬಿಸಿಯಾದ ಮೇಲೂ ಒಂದು ಬದಿಯಿಂದ ಟಿಕ್ ಟಿಕ್ ಕೇಳುತ್ತದೆಯಾ? ಆಯಿಲ್ ಬೇಗ ಇಳಿಯುತ್ತಿದೆಯಾ? ಮೂರೂ ಹೌದಾದರೆ ಸಿಲಿಂಡರ್ ಗೋಡೆಯಲ್ಲಿ ಗೀರು ಬಿದ್ದಿರಬಹುದು. ಕ್ಯಾಮೆರಾ ಕೇಬಲ್ ಇಳಿಸಿ ನೋಡಿಸಿ. ಪ್ಲಗ್ ತೂತಿನಿಂದ ಮೇಲ್ಭಾಗ ಮಾತ್ರ ಕಾಣುತ್ತದೆ, ಕೆಳಗಿಂದ ಸಂಪ್ (ಎಂಜಿನ್ ಅಡಿಯ ಆಯಿಲ್ ತಟ್ಟೆ) ತೆಗೆದು ನೋಡಿದರೆ ಖಚಿತ. ಎಂಜಿನ್ ತಣ್ಣಗಿರುವಾಗ ಜೋರಾಗಿ ಎಕ್ಸಲರೇಟರ್ ಒತ್ತುವುದು ಈ ಸಿಲಿಂಡರ್‌ಗಳಿಗೆ ಒಳ್ಳೆಯದಲ್ಲ. ಕೂಲಂಟ್ ಮುಳ್ಳು ಮೇಲೆ ಬಂದರೂ ಆಯಿಲ್ ಇನ್ನೂ ಬಿಸಿಯಾಗಿರುವುದಿಲ್ಲ, ಅದಕ್ಕೂ ಟೈಮ್ ಕೊಡಿ.

ಪ್ರಶ್ನೆ: ಎಂಜಿನ್ ಲೈಟ್ ಹೊತ್ತಿಕೊಂಡಿದೆ, ಕಾರು ಎಳೆಯುವಾಗ ತಡವರಿಸುತ್ತದೆ. ಸ್ಕ್ಯಾನರ್‌ನಲ್ಲಿ ಪಿ0303 ಬಂತು. ಮೆಕ್ಯಾನಿಕ್ ಆರೂ ಕಾಯಿಲ್, ಪ್ಲಗ್, ಆಕ್ಸಿಜನ್ ಸೆನ್ಸರ್ ಎಲ್ಲ ಬದಲಾಯಿಸೋಣ ಎನ್ನುತ್ತಿದ್ದಾರೆ.

ಉತ್ತರ: ಬೇಡ. ಕೋಡ್ ಎಲ್ಲಿ ಹುಡುಕಬೇಕು ಎಂದು ಹೇಳುತ್ತದೆ, ಏನು ಕೊಳ್ಳಬೇಕು ಎಂದಲ್ಲ. ಪಿ0303 ಎಂದರೆ 3ನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಅಷ್ಟೇ. ಆ ಸಿಲಿಂಡರ್‌ನ ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ತೆಗೆದು ಪಕ್ಕದ 2ನೆಯದಕ್ಕೆ ಹಾಕಿ, 2ನೆಯದನ್ನು ಇಲ್ಲಿಗೆ ತನ್ನಿ. ಕೋಡ್ ಅಳಿಸಿ ಸ್ವಲ್ಪ ಓಡಿಸಿ. ಈಗ ಪಿ0302 ಬಂದರೆ ಕಾಯಿಲ್ ಕೆಟ್ಟಿದೆ. ಮತ್ತೆ ಪಿ0303ನೇ ಬಂದರೆ ಪ್ಲಗ್ ನೋಡಿ, ಆಮೇಲೆ ಇಂಜೆಕ್ಟರ್, ಕಂಪ್ರೆಷನ್. ಈ ಕಾರುಗಳಲ್ಲಿ ಕಾಯಿಲ್ ಎಂಜಿನ್ ಪಕ್ಕ ಕೆಳಗೆ, ಎಕ್ಸಾಸ್ಟ್‌ನ ಬಿಸಿಗೆ ಮತ್ತು ರಸ್ತೆಯ ನೀರಿಗೆ ಹತ್ತಿರ ಇರುತ್ತದೆ. ಮೈ ಬಿರುಕು ಬಿಟ್ಟಿರುವುದು ಕಣ್ಣಿಗೇ ಕಾಣಬಹುದು. ಒಂದು ವಯಸ್ಸಾಗಿ ಒಡೆದಿದ್ದರೆ ಆರನ್ನೂ ಬದಲಾಯಿಸುವುದರಲ್ಲಿ ಅರ್ಥವಿದೆ. ಸೆನ್ಸರ್ ಮುಟ್ಟಲು ಸದ್ಯಕ್ಕೆ ಕಾರಣವೇ ಇಲ್ಲ.

ಲೈಟ್ ಮಿಣಮಿಣ ಮಿನುಗಿದರೆ ಮಾತ್ರ ಕಾಲು ಸಡಿಲಿಸಿ, ಸಾಧ್ಯವಾದಷ್ಟು ಬೇಗ ಕಾರು ನಿಲ್ಲಿಸಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ. ಕಾಯಿಲ್‌ಗಿಂತ ಅದು ಎಷ್ಟೋ ಪಟ್ಟು ದುಬಾರಿ.

ಪ್ರಶ್ನೆ: ನನ್ನದು ಪೋರ್ಷೆ ಬಾಕ್ಸ್‌ಸ್ಟರ್, ಬಟ್ಟೆ ಟಾಪ್‌ನದು. ಜೋರು ಮಳೆ ಬಂದ ಮಾರನೆ ದಿನ ಕೀ ಕೆಲಸ ಮಾಡಲಿಲ್ಲ, ಸ್ಟಾರ್ಟ್ ಕೂಡ ಆಗಲಿಲ್ಲ. ಕೀ ಬ್ಯಾಟರಿ ಬದಲಾಯಿಸಿದರೂ ಅಷ್ಟೇ.

ಉತ್ತರ: ಕಾರ್ಪೆಟ್ ಮೇಲೆ ಕೈ ಇಟ್ಟು ಒತ್ತಿ ನೋಡಿ. ಒದ್ದೆ ಇದೆ ಅಲ್ವಾ? ಟಾಪ್‌ನಿಂದ ಇಳಿದ ನೀರು ಹೊರಗೆ ಹೋಗಲು ಎರಡೂ ಬದಿ ಹಿಂದೆ ತೂತುಗಳಿವೆ. ಎಲೆ, ಮಣ್ಣು ಕೂತು ಅವು ಕಟ್ಟಿಕೊಂಡರೆ ನೀರು ಒಳಗೆ ತುಂಬುತ್ತದೆ. ಅಲಾರಂ ಮತ್ತು ಇಮ್ಮೊಬಿಲೈಸರ್‌ನ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವುದು) ಕಂಟ್ರೋಲ್ ಪೆಟ್ಟಿಗೆ ಇರುವುದು ಸೀಟಿನ ಅಡಿ, ನೆಲದ ಮೇಲೆ. ಮೊದಲು ನೆನೆಯುವುದು ಅದೇ.

ಬ್ಯಾಟರಿ ಕಳಚಿ. ಪೆಟ್ಟಿಗೆ ಬಿಚ್ಚಿ ಮುಚ್ಚಳ ತೆಗೆದು ಒಣಗಿಸಿ. ಬೋರ್ಡ್ ಮೇಲೆ ಹಸಿರು ಕಿಲುಬು ಇಲ್ಲದಿದ್ದರೆ ಬದುಕುವ ಸಾಧ್ಯತೆ ಇದೆ. ಕಿಲುಬು ಹಿಡಿದಿದ್ದರೂ ಸುಮ್ನೆ ಬೇರೆ ಕಾರಿನದನ್ನು ತಂದು ಸಿಕ್ಕಿಸಬೇಡಿ, ಅದು ನಿಮ್ಮ ಕಾರಿನ ಕೋಡ್‌ಗೆ ಹೊಂದಬೇಕು. ಎಲೆಕ್ಟ್ರಾನಿಕ್ಸ್ ರಿಪೇರಿ ಗೊತ್ತಿರುವವರು ಹಳೆಯದರ ದತ್ತಾಂಶವನ್ನು ಹೊಸದಕ್ಕೆ ವರ್ಗಾಯಿಸಬಲ್ಲರು. ಕಾರ್ಪೆಟ್ ಅಡಿಯ ಸ್ಪಂಜನ್ನು ಎತ್ತಿ ಪೂರ್ತಿ ಒಣಗಿಸಿ, ಮೇಲೆ ಒಣಗಿದ ಹಾಗೆ ಕಂಡರೂ ಅಡಿಯಲ್ಲಿ ನೀರು ನಿಂತೇ ಇರುತ್ತದೆ. ಡ್ರೈನ್ ತೂತುಗಳನ್ನು ಮೆತ್ತನೆಯ ನೈಲಾನ್ ತಂತಿಯಿಂದ ಬಿಡಿಸಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಕೆಳಗಿನ ಕೊಳವೆ ಕಳಚಿ ನೀರೆಲ್ಲ ಇನ್ನೊಂದು ಕಡೆಯಿಂದ ಒಳಗೆ ಬರುತ್ತದೆ.

ಪ್ರಶ್ನೆ: 997 ಮಾದರಿಯ 911. ಬ್ಯಾಟರಿ ಪೂರ್ತಿ ಸತ್ತಿದೆ. ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ, ಡಿಕ್ಕಿ ತೆರೆಯಲು ಕರೆಂಟ್ ಬೇಕು!

ಉತ್ತರ: ದಾರಿ ಇದೆ. ಬಾಗಿಲನ್ನು ಕೀಯಿಂದ ತೆರೆಯಿರಿ. ಕಾಲಿಡುವ ಜಾಗದ ಪಕ್ಕ ಇರುವ ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದರೆ ಹೊರಗೆ ಎಳೆಯಬಹುದಾದ ಒಂದು ಲೋಹದ ಕಡ್ಡಿ ಇದೆ. ಅದಕ್ಕೆ ಬೇರೆ ಬ್ಯಾಟರಿಯ ಪ್ಲಸ್ ವೈರ್ ಕೊಡಿ, ಮೈನಸ್ ವೈರನ್ನು ಬಾಗಿಲ ಲಾಕ್ ಕೂರುವ ಲೋಹದ ಕೊಂಡಿಗೆ ಹಾಕಿ. ಅಲಾರಂ ಕೂಗಿದರೆ ಹೆದರಬೇಡಿ, ಕೀಯಿಂದ ಅನ್‌ಲಾಕ್ ಮಾಡಿ ಡಿಕ್ಕಿ ತೆರೆಯಿರಿ. ಇದು ಡಿಕ್ಕಿ ತೆರೆಯಲು ಮಾತ್ರ, ಇಲ್ಲಿಂದ ಎಂಜಿನ್ ಸ್ಟಾರ್ಟ್ ಮಾಡಲು ಹೋಗಬೇಡಿ. ವಾರಗಟ್ಟಲೆ ಕಾರು ನಿಲ್ಲಿಸುವವರಾದರೆ ತಾನೇ ಚಾರ್ಜ್ ನಿಯಂತ್ರಿಸುವ ಚಾರ್ಜರ್ ಹಾಕಿಡಿ.

ಪ್ರಶ್ನೆ: ಮನೆಯಲ್ಲೇ ನಾನೇ ಕೆಲಸ ಕಲಿಯಬೇಕೆಂದಿದ್ದೇನೆ. 996 ಮಾದರಿಯ 911. ಯಾವುದರಿಂದ ಶುರು ಮಾಡಲಿ?

ಉತ್ತರ: ಚಕ್ರ ಬಿಚ್ಚಿ ಹಾಕುವುದರಿಂದ. ಕೇಳಲು ಸಣ್ಣದು, ಆದರೆ ಅದರಲ್ಲೇ ಬ್ರೇಕ್ ಪ್ಯಾಡ್, ಡಿಸ್ಕ್, ಸಸ್ಪೆನ್ಷನ್ ರಬ್ಬರ್ ಎಲ್ಲ ನೋಡಲು ಸಿಗುತ್ತದೆ. ಮೊದಲು ಚಕ್ರದ ಲಾಕ್ ಬೋಲ್ಟ್‌ನ ಕೀ ಕಾರಿನಲ್ಲಿದೆಯೇ ಎಂದು ಹುಡುಕಿ. ಹಳೆಯ ಕಾರುಗಳಲ್ಲಿ ಕಳೆದುಹೋಗಿರುವುದೇ ಜಾಸ್ತಿ, ಅದು ಗೊತ್ತಾಗುವುದು ಪಂಕ್ಚರ್ ಆದ ರಾತ್ರಿ. ಜಾಕ್ ಪಾಯಿಂಟ್ ಬಿಟ್ಟು ಬೇರೆಲ್ಲೂ ಜಾಕ್ ಕೊಡಬೇಡಿ. ಬರೀ ಜಾಕ್ ನಂಬಿ ಕಾರಿನಡಿ ಹೋಗಲೇಬೇಡಿ, ಸ್ಟ್ಯಾಂಡ್ ಇಡಿ. ಮುಂದಿನ ಬಂಪರ್ ಗಾಳಿಕಿಂಡಿಗಳಲ್ಲಿ ಟಾರ್ಚ್ ಬಿಟ್ಟು ನೋಡಿ. ರೇಡಿಯೇಟರ್ ಮತ್ತು ಏಸಿ ಕಂಡೆನ್ಸರ್ ಅಲ್ಲೇ ಇವೆ. ಒಣ ಎಲೆ ಕೂತು ಒದ್ದೆಯಾಗಿ ಅವನ್ನು ತಿನ್ನುತ್ತದೆ, ಕೈಯಿಂದ ಅಥವಾ ವ್ಯಾಕ್ಯೂಮ್‌ನಿಂದ ತೆಗೆಯಿರಿ.

ಬೋಲ್ಟ್‌ಗಳನ್ನು ಮೊದಲು ಕೈಯಲ್ಲಿ ತಿರುಗಿಸಿ ಕೂರಿಸಿ. ಆಮೇಲೆ ನಕ್ಷತ್ರದ ಹಾಗೆ ಎದುರು ಬದುರಾಗಿ ಬಿಗಿಸಿ, ಟಾರ್ಕ್ ರೆಂಚ್‌ನಲ್ಲಿ 130 ನ್ಯೂಟನ್ ಮೀಟರ್‌ಗೆ ನಿಲ್ಲಿಸಿ. ಗಾಳಿ ಗನ್ ಬೇಡ, ಅಲಾಯ್ ಚಕ್ರದ ತೂತು ಹಾಳಾಗುತ್ತದೆ. ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ರೆಂಚ್ ಹಾಕಿ ನೋಡಿ. ಅದಾದ ಮೇಲೆ ಆಯಿಲ್ ಬದಲಾಯಿಸುವುದನ್ನು ಕಲಿಯಿರಿ.