ಸಮ್ಮೇಳನಕ್ಕೆ ಜಾಗ ನೋಡುವಾಗ ಮೊದಲು ಸಣ್ಣ ಕೋಣೆಗಳ ಬಾಗಿಲು ನೋಡಿ

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ಆಪ್ತಸಮಾಲೋಚಕಿ. ಹದಿಹರೆಯದವರ ಆರೋಗ್ಯದ ಕೆಲಸ ಮಾಡುವ ನಾವೊಂದಿಷ್ಟು ಜನ ಸೇರಿ ಹಾವೇರಿ ಜಿಲ್ಲಾ ಮಟ್ಟದಲ್ಲಿ ಒಂದು ದಿನದ ಸಮ್ಮೇಳನ ಮಾಡಬೇಕು ಅಂತಿದ್ದೇವೆ. ಆಪ್ತಸಮಾಲೋಚಕರು, ನರ್ಸ್‌ಗಳು, ಸಮುದಾಯ ಆರೋಗ್ಯ ಅಧಿಕಾರಿಗಳು, ಆಶಾ ಕಾರ್ಯಕರ್ತೆಯರು, ಕೆಲವು ಮಕ್ಕಳ ಡಾಕ್ಟರುಗಳು ಸೇರಿ 150 ಜನ ಆಗಬಹುದು. 600 ಜನ ಹಿಡಿಸುವ ಎ.ಸಿ. ಕಲ್ಯಾಣ ಮಂಟಪ ಆಷಾಢದಲ್ಲಿ ಕಡಿಮೆ ಬಾಡಿಗೆಗೆ ಸಿಗುತ್ತಿದೆ. ಹಿಡಿಯಬಹುದಾ ಸರ್?

ಉತ್ತರ: ಅಡ್ವಾನ್ಸ್ ಕೊಡುವ ಮೊದಲು ಒಂದು ಸಲ ಹೋಗಿ ಬನ್ನಿ ಮೇಡಂ. ದೊಡ್ಡ ಹಾಲ್ ನೋಡೋಕಲ್ಲ, ಅದು ಚೆನ್ನಾಗೇ ಇರುತ್ತೆ. ಅಲ್ಲಿ ಸಣ್ಣ ಕೋಣೆ ಎಷ್ಟಿವೆ ಅಂತ ನೋಡಿ.

ಯಾಕೆ ಅಂದ್ರೆ, ನಿಮ್ಮ ಕೆಲಸದ ವಿಷಯಗಳೇ ಹಾಗಿವೆ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗಾಗಿ ಆರು ವಿಷಯ ಹಿಡಿದುಕೊಂಡಿದೆ: ಪೌಷ್ಟಿಕತೆ, ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯ, ಮಾನಸಿಕ ಆರೋಗ್ಯ, ಗಾಯ ಮತ್ತು ಹಿಂಸೆ, ಮಾದಕ ವಸ್ತು, ಬಿಪಿ-ಶುಗರ್‌ನಂಥ ಅಸಾಂಕ್ರಾಮಿಕ ಕಾಯಿಲೆ. ಇವುಗಳಲ್ಲಿ ಎಷ್ಟನ್ನು 150 ಜನರ ಮುಂದೆ ಮೈಕ್ ಹಿಡಿದು ಮನಸ್ಸು ಬಿಚ್ಚಿ ಮಾತಾಡೋಕಾಗುತ್ತೆ? ರಕ್ತಹೀನತೆ ಬಗ್ಗೆ ಧಾರಾಳವಾಗಿ ಮಾತಾಡಬಹುದು. ಆದರೆ ಪಿಯುಸಿ ಹುಡುಗಿಯೊಬ್ಬಳು ತಿಂಗಳು ನಿಂತಿದೆ ಅಂತ ಒಬ್ಬಳೇ ಕ್ಲಿನಿಕ್‌ಗೆ ಬಂದಳು, ಆಗ ನನಗೆ ಕೈಕಾಲು ಆಡಲಿಲ್ಲ ಅಂತ ಒಬ್ಬ ನರ್ಸ್ ಹೇಳಬೇಕಾದರೆ ಜನ ಕಡಿಮೆ ಇರಬೇಕು, ಬಾಗಿಲು ಮುಚ್ಚಿರಬೇಕು. ಸಮ್ಮೇಳನದ ನಿಜವಾದ ಲಾಭ ಇರೋದು ಅಲ್ಲೇ. ಉಳಿದ ಭಾಷಣ ಮೊಬೈಲ್‌ನಲ್ಲೂ ಸಿಗುತ್ತೆ.

ಹಾಗಾಗಿ 30 ಜನ ದುಂಡಗೆ ಕೂರುವಂಥ ಐದು ಕೋಣೆ ಬೇಕು. ಮಂಟಪದಲ್ಲಿ ಗಂಡಿನ ಕಡೆ, ಹೆಣ್ಣಿನ ಕಡೆ ಅಂತ ಇರುವ ಕೋಣೆಗಳು ಮಂಚ ತುಂಬಿಕೊಂಡಿರುತ್ತವೆ, ಹತ್ತು ಜನಕ್ಕೆ ಸಾಕಾದರೆ ಹೆಚ್ಚು. ಪಾರ್ಟಿಷನ್ ಹಾಕಿ ಕೊಡ್ತೀವಿ ಅಂದರೆ ಪರೀಕ್ಷೆ ಮಾಡಿ. ಒಬ್ಬರು ಒಳಗೆ ಮಾಮೂಲಿ ದನಿಯಲ್ಲಿ ಮಾತಾಡಲಿ, ನೀವು ಆ ಕಡೆ ನಿಂತು ಕೇಳಿ. ಒಂದು ಮಾತು ಅರ್ಥವಾದರೂ ಆ ಜಾಗ ಬೇಡ. ಅದೇ ದಿನ ಕೆಳಗಿನ ಮಿನಿ ಹಾಲ್‌ನಲ್ಲಿ ನಾಮಕರಣ, ಸೀಮಂತ ಏನಾದರೂ ಬುಕ್ ಆಗಿದೆಯಾ ಅಂತಲೂ ಕೇಳಿ. ನನ್ನ ಕೇಳಿದರೆ, ರಜೆಯಲ್ಲಿರುವ ನರ್ಸಿಂಗ್ ಕಾಲೇಜು ಇಂಥದ್ದಕ್ಕೆ ಮಂಟಪಕ್ಕಿಂತ ವಾಸಿ. ಸಭಾಂಗಣವೂ ಇರುತ್ತೆ, ತರಗತಿ ಕೋಣೆಗಳೂ ಇರುತ್ತವೆ. ಎ.ಸಿ. ಇಲ್ಲದಿದ್ದರೆ ಫ್ಯಾನ್ ಇದೆಯಲ್ಲ.

ಆಷಾಢದ ಬಾಡಿಗೆ ಕಡಿಮೆ, ನಿಜ. ಆದರೆ ಅದು ಮಳೆಗಾಲ. ಡೆಂಗ್ಯೂ ಜಾಸ್ತಿಯಾದರೆ ಆಶಾಗಳನ್ನು ಲಾರ್ವಾ ಸಮೀಕ್ಷೆಗೆ ಕಳಿಸುತ್ತಾರೆ, ನಿಮ್ಮ ಹಾಲ್ ಅರ್ಧ ಖಾಲಿ. ಫೆಬ್ರವರಿ 10 ಮತ್ತು ಆಗಸ್ಟ್ 10 ಜಂತುಹುಳು ನಿವಾರಣಾ ದಿನ, ಅವುಗಳ ಆಸುಪಾಸು ಬೇಡ. ಲಸಿಕೆ ದಿನವೂ ಬೇಡ. ಎರಡನೇ ಶನಿವಾರ ಇಟ್ಟರಂತೂ ಬಂದವರೆಲ್ಲ ಮನಸ್ಸಿನಲ್ಲೇ ಬೈಯುತ್ತಾ ಕೂರುತ್ತಾರೆ. ಜಿಲ್ಲಾ ಆರೋಗ್ಯಾಧಿಕಾರಿಗಳಿಂದ ಓಓಡಿ ಪತ್ರ, ಅಂದರೆ ಆ ದಿನ ಬೇರೆ ಕರ್ತವ್ಯದ ಮೇಲಿದ್ದಾರೆ ಅನ್ನುವ ಪತ್ರ, ಮೊದಲೇ ಮಾಡಿಸಿಕೊಳ್ಳಿ. ಅದಿಲ್ಲದೆ ಗುತ್ತಿಗೆ ನೌಕರರು ಬರೋದು ಕಷ್ಟ. ಹಿರೇಕೆರೂರು ಕಡೆಯಿಂದ ಬಸ್ಸಿನಲ್ಲಿ ಬರುವವರನ್ನು ನೆನಪಿಟ್ಟು ಸಂಜೆ ನಾಲ್ಕಕ್ಕೆ ಮುಗಿಸಿ.

ಬರುವವರಲ್ಲಿ ಹೆಚ್ಚಿನವರು ಹೆಂಗಸರು. ಗಂಡಸರ ಶೌಚಾಲಯದಲ್ಲಿ ಒಂದನ್ನಾದರೂ ಆ ದಿನಕ್ಕೆ ಬೋರ್ಡ್ ಬದಲಿಸಿ ಅವರಿಗೆ ಬಿಡಿ. ಹಾಲೂಡಿಸುವ ತಾಯಂದಿರಿಗೊಂದು ಮೂಲೆ, ಜನರೇಟರ್, ನೀರಿನ ಕ್ಯಾನ್ ಮತ್ತು ಸ್ಟೀಲ್ ಲೋಟ ಇರಲಿ. ಬ್ಯಾನರ್ ಬಟ್ಟೆಯದ್ದೇ ಮಾಡಿಸಿ, ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಇನ್ನೊಂದು ಸಣ್ಣ ವಿಷಯ. ಊಟ ಆದ ತಕ್ಷಣ ಚಹಾ ಕೊಡಬೇಡಿ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತಲ್ಲ ಅಂತ ನಾವೇ ಹೇಳ್ತೀವಿ. ಐರನ್ ಮಾತ್ರೆ ಬಗ್ಗೆ ಪಾಠ ಕೇಳಿದವರ ಕೈಗೆ ನಾವೇ ಲೋಟ ಕೊಟ್ಟರೆ ಹೇಗೆ?

ಈಗ ತುಂಬಾ ಮುಖ್ಯವಾದದ್ದು. ಕೇಸ್ ಹೇಳುವವರ ಸ್ಲೈಡ್‌ಗಳನ್ನು ಹಿಂದಿನ ವಾರವೇ ತರಿಸಿಕೊಂಡು ಒಬ್ಬರು ಕೂತು ನೋಡಬೇಕು. ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಮತ್ತು ಬಾಲನ್ಯಾಯ ಕಾಯ್ದೆಗಳಲ್ಲಿ ಮಗುವಿನ ಗುರುತು ಬಯಲು ಮಾಡುವುದಕ್ಕೆ ಅಡ್ಡಿಯಿದೆ. ಹೆಸರು ತೆಗೆದು ಕಣ್ಣಿಗೆ ಕಪ್ಪು ಪಟ್ಟಿ ಹಾಕಿದರೆ ಸಾಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ‘ಇಂಥ ಊರಿನ ಹೈಸ್ಕೂಲ್, ಒಂಬತ್ತನೇ ಕ್ಲಾಸ್, ತಂದೆ ಲಾರಿ ಡ್ರೈವರ್’ ಅಂತ ಸ್ಲೈಡ್‌ನಲ್ಲಿದ್ದರೆ ಮುಗೀತು, ಅದೇ ಊರಿನ ಆಶಾ ಎದುರಿಗೇ ಕೂತಿರುತ್ತಾರೆ. ಊರು, ಶಾಲೆ, ತಂದೆಯ ಕೆಲಸ ಎಲ್ಲ ಹೋಗಲಿ. ಫೋಟೊ ಬೇಡವೇ ಬೇಡ.

ಇನ್ನೊಂದು ಪೇಚು ಇದೆ. 18 ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತದೆ ಪೋಕ್ಸೊ 19ನೇ ಸೆಕ್ಷನ್. ಚರ್ಚೆಯ ಬಿಸಿಯಲ್ಲಿ ಯಾರಾದರೂ ‘ನಾವು ಮನೆಯವರನ್ನೇ ಒಪ್ಪಿಸಿ ಕಳಿಸಿಬಿಟ್ವಿ’ ಅಂದುಬಿಟ್ಟರೆ? ಪ್ರತಿ ಕೋಣೆ ನಡೆಸುವವರಿಗೂ ಇದಕ್ಕೆ ಏನು ಮಾಡಬೇಕು ಅಂತ ಮೊದಲೇ ಹೇಳಿಕೊಟ್ಟಿರಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೊಬ್ಬರನ್ನು ಕರೆದು ಇಡೀ ದಿನ ಕೂರಿಸಿಕೊಳ್ಳಿ. ಸಣ್ಣ ಕೋಣೆಗಳಲ್ಲಿ ಮೊಬೈಲ್ ಬ್ಯಾಗಿನಲ್ಲಿರಲಿ. ಸ್ಟೇಟಸ್‌ಗೆ ಫೋಟೊ ಬೇಕಂದರೆ ದೊಡ್ಡ ಹಾಲ್‌ನಲ್ಲಿ ಎಷ್ಟು ಬೇಕಾದರೂ ತೆಗೆಯಲಿ.

ಉದ್ಘಾಟನೆಯನ್ನು ಬೆಳಿಗ್ಗೆ ಇಡಬೇಡಿ ಅನ್ನೋದು ನನ್ನ ಹಟ. ಅತಿಥಿಗಳು ಹನ್ನೊಂದಕ್ಕೆ ಮೊದಲು ಬರೋದು ಅಪರೂಪ. ಒಂಬತ್ತೂವರೆಗೆ ಮೊದಲ ಗೋಷ್ಠಿ ಶುರುಮಾಡಿ, ಅವರು ಬಂದ ಮೇಲೆ ದೀಪ ಹಚ್ಚಿಸಿ. ಶಾಲು, ಹಾರ, ಪೇಟ ಎಲ್ಲ ಸೇರಿ ಅರ್ಧ ಗಂಟೆ ಮೀರದಿರಲಿ.

ಪ್ರಶ್ನೆ: ಔಷಧ ಕಂಪನಿಯೊಂದು ಊಟದ ಖರ್ಚು ಮತ್ತು ಎಲ್ಲರಿಗೂ ಬ್ಯಾಗ್ ಕೊಡ್ತೀವಿ ಅನ್ನುತ್ತಿದೆ. ಪ್ರೋಟೀನ್ ಪೌಡರ್‌ನವರು ಸ್ಟಾಲ್ ಕೇಳುತ್ತಿದ್ದಾರೆ. ಡಾಕ್ಟರುಗಳು ಕ್ರೆಡಿಟ್ ಪಾಯಿಂಟ್ ಇದೆಯಾ ಅಂತಾರೆ.

ಉತ್ತರ: ಔಷಧ ಕಂಪನಿಗಳಿಗೆ 2024ರ ಮಾರ್ಕೆಟಿಂಗ್ ಸಂಹಿತೆ ಇದೆ. ಡಾಕ್ಟರುಗಳಿಗೆ, ಅವರ ಮನೆಯವರಿಗೆ ಉಡುಗೊರೆ ಕೊಡುವಂತಿಲ್ಲ. ವೃತ್ತಿ ಸಂಘಗಳು, ಕಾಲೇಜುಗಳು ನಡೆಸುವ ಕಲಿಕೆ ಕಾರ್ಯಕ್ರಮಕ್ಕೆ ಲೆಕ್ಕ ಇಟ್ಟು ನೆರವು ಕೊಡಬಹುದು. ಹಾಗಾಗಿ ಬ್ಯಾಗ್ ಬೇಡ ಅನ್ನಿ. ನೆರವು ತಗೊಳ್ಳೋದಾದರೆ ಸಂಘದ ಖಾತೆಗೆ ಚೆಕ್ ಬರಲಿ, ರಸೀದಿ ಕೊಡಿ. ಪ್ರೋಟೀನ್ ಪೌಡರ್‌ನವರಿಗೆ ಖಂಡಿತ ಸ್ಟಾಲ್ ಬೇಡ. ಮೊಟ್ಟೆ, ಶೇಂಗಾ, ಕಾಳು ತಿನ್ನಿ ಅಂತ ಹುಡುಗರಿಗೆ ಹೇಳುವವರು ನೀವು.

ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಡಾಕ್ಟರುಗಳಿಗೆ ಇಂಥ ಕಲಿಕೆ ಕಾರ್ಯಕ್ರಮಗಳಿಂದ ಐದು ವರ್ಷಕ್ಕೆ 30 ಕ್ರೆಡಿಟ್ ಪಾಯಿಂಟ್ ಬೇಕು. ಪಾಯಿಂಟ್ ಬೇಕಾದರೆ ಕಾರ್ಯಕ್ರಮಕ್ಕೆ ಮೊದಲೇ ಅರ್ಜಿ ಹಾಕಿ ಮಾನ್ಯತೆ ತಗೊಳ್ಳಿ, ಆದ ಮೇಲೆ ಕೇಳಿದರೆ ಆಗಲ್ಲ. ಈ ಕೆಲಸವನ್ನು ಮಕ್ಕಳ ಡಾಕ್ಟರುಗಳ ಸಂಘದವರಿಗೇ ವಹಿಸಿ, ಅವರಿಗೆ ಅಭ್ಯಾಸವಿರುತ್ತದೆ. ನಿಮಗೆ ಹಾಲ್ ನೋಡುವ ಕೆಲಸವೇ ಸಾಕಷ್ಟಿದೆ.