ಸುಣ್ಣದಕಲ್ಲಿನ ಬಾಲ್ ಮಿಲ್ಲಿಗೆ ಹೊಸ ಮೋಟಾರು ಹಾಕಿದರೆ ಕರೆಂಟ್ ಬಿಲ್ ಇಳಿಯುವುದೇ?

ಐಇ3 ಎಂಬ ಹೆಚ್ಚು ದಕ್ಷತೆಯ ದರ್ಜೆಯ ಮೋಟಾರು ಕೊಳ್ಳಬೇಕೋ, ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಹಾಕಿಸಬೇಕೋ ಎಂದು ಕೇಳಿದ್ದೀರಿ. ಲೋಕಾಪುರದ ಹತ್ತಿರ ಕಲ್ಲುಪುಡಿಯ ಘಟಕ ನಡೆಸುತ್ತಿದ್ದ ನಾನೂ ಒಮ್ಮೆ ಇವೇ ಎರಡು ಕೊಟೇಶನ್ ಮುಂದಿಟ್ಟುಕೊಂಡು ಕುಳಿತಿದ್ದೆ. ನನಗೆ ಎರಡೂ ಬೇಕಾಗಿರಲಿಲ್ಲ. ನಿಮಗೂ ಬೇಕಿಲ್ಲವೆಂದೇ ನನ್ನ ಅಭಿಪ್ರಾಯ.

ನನ್ನದು 100 ಎಚ್‌ಪಿ ಮೋಟಾರಿನ ಮಿಲ್. ತಿರುಗುವ ಡ್ರಮ್ಮಿನ ಒಳಗೆ ಕಲ್ಲನ್ನು ಜಜ್ಜಿ ಪುಡಿಮಾಡುವ ಸುಮಾರು 7 ಟನ್ ಉಕ್ಕಿನ ಗುಂಡು. 200 ಮೆಶ್ ಪುಡಿ, ಅಂದರೆ ಅಂಗುಲಕ್ಕೆ 200 ಕಣ್ಣಿನ ಜರಡಿ ದಾಟುವಂಥದ್ದು, ಗಂಟೆಗೆ 4 ಟನ್ ಬರುತ್ತಿತ್ತು. ಬಣ್ಣ ತಯಾರಿಸುವ ಗಿರಾಕಿಯೊಬ್ಬರು ಪುಡಿಯಲ್ಲಿ ತರಿ ಇದೆಯೆಂದು ಒಂದು ಲೋಡ್ ವಾಪಸು ಕಳಿಸಿದರು. ಆಗ ನಾನು ಕಲ್ಲು ಹಾಕುವ ಪ್ರಮಾಣವನ್ನು ಗಂಟೆಗೆ 2.5 ಟನ್ನಿಗೆ ಇಳಿಸಿದೆ. ಕಲ್ಲು ಒಳಗೆ ಹೆಚ್ಚು ಹೊತ್ತು ನಿಂತು ನುಣ್ಣಗಾಗುತ್ತದೆ, ಭಾರ ಕಡಿಮೆಯಾಗಿ ಕರೆಂಟೂ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಅಮ್ಮೀಟರಿನ ಮುಳ್ಳು 106 ಆಂಪಿಯರಿನಿಂದ ಬರೀ 104ಕ್ಕೆ ಬಂದು ಅಲ್ಲೇ ನಿಂತಿತು. ನಾನು ಅದರ ಅರ್ಥವನ್ನು ಅಂದೇ ತಿಳಿದುಕೊಳ್ಳಬೇಕಾಗಿತ್ತು. ಬಾಲ್ ಮಿಲ್ಲಿನ ವಿದ್ಯುತ್ತು ಬಹುಪಾಲು ಗುಂಡುಗಳನ್ನು ಎತ್ತಿ ಎತ್ತಿ ಕೆಡವುವುದಕ್ಕೇ ಖರ್ಚಾಗುತ್ತದೆ. ಒಳಗೆ ಕಲ್ಲಿರಲಿ, ಬಿಡಲಿ, ಆ 7 ಟನ್ ಏರಲೇಬೇಕು. ಗಂಟೆಗೆ ಸುಮಾರು 65 ಯೂನಿಟ್ ಹಾಗೆಯೇ ಹೋಗುತ್ತಿತ್ತು, ಟನ್ನಿಗೆ 16 ಯೂನಿಟ್ ಇದ್ದದ್ದು 26 ಆಯಿತು. ಆರ್ಡರ್ ಮುಗಿಸಲು ರಾತ್ರಿ ಪಾಳಿ ಓಡಿಸಿದೆ, ಬಿಲ್ ಏರಿತು, ತಪ್ಪನ್ನು ಮೋಟಾರಿನ ಮೇಲೆ ಹೊರಿಸಿದೆ.

ಚೀಲ ತುಂಬುವಾಗ ಪುಡಿ ಕೈ ಇಡಲಾಗದಷ್ಟು ಬಿಸಿಯಾಗಿರುತ್ತಿತ್ತು. ತೀರಾ ನುಣುಪಾದ ಪುಡಿ ಗುಂಡುಗಳಿಗೇ ಮೆತ್ತಿಕೊಂಡು ಪೆಟ್ಟನ್ನು ಮೆತ್ತಗಾಗಿಸುತ್ತಿತ್ತು. ಹಳೆಯ ಆಪರೇಟರ್ ಒಬ್ಬರು ಮಿಲ್ಲಿನ ಸದ್ದು ಕೇಳಿಯೇ, "ಗುಂಡಿಗೆ ಗುಂಡ ಬಡ್ಯಾಕತ್ತಾವ್ರಿ ಸಾವಕಾರ್ರ, ಒಳಗ ಕಲ್ಲ ಇಲ್ರಿ" ಎಂದಿದ್ದರು. ಹೊಟ್ಟೆ ತುಂಬಿದ ಮಿಲ್ ಗುಡುಗುಡು ಎನ್ನುತ್ತದೆ, ಖಾಲಿಯಾದದ್ದು ಖಣಖಣ ಎನ್ನುತ್ತದೆ.

ಕಲ್ಲು ಅರೆಯಲು ಎಷ್ಟು ಶಕ್ತಿ ಬೇಕೆಂದು ಲೆಕ್ಕಹಾಕಲು ಎಂಜಿನಿಯರ್ ಫ್ರೆಡ್ ಬಾಂಡ್ 1952ರಲ್ಲಿ ಕೊಟ್ಟ ಸೂತ್ರದ ಪ್ರಕಾರ, 10 ಮಿಲಿಮೀಟರ್ ಕಲ್ಲನ್ನು 75 ಮೈಕ್ರಾನಿಗೆ, ಅಂದರೆ 200 ಮೆಶ್‌ಗೆ ತರುವುದಕ್ಕಿಂತ 45 ಮೈಕ್ರಾನಿಗೆ, ಅಂದರೆ 325 ಮೆಶ್‌ಗೆ ತರಲು ಮೂರನೇ ಒಂದರಷ್ಟು ಹೆಚ್ಚು ಶಕ್ತಿ ಬೇಕು. ಒಂದು ಹಿಡಿ ತರಿಯ ಸಲುವಾಗಿ ನಾನು ಇಡೀ ಮಾಲನ್ನು ಆ ಹಂತಕ್ಕೆ ಅರೆಯುತ್ತಿದ್ದೆ. ಕೊನೆಗೆ ಗಾಳಿಯಿಂದ ನುಣುಪು ಪುಡಿಯನ್ನೂ ತರಿಯನ್ನೂ ಬೇರ್ಪಡಿಸುವ ಏರ್ ಕ್ಲಾಸಿಫೈಯರ್ ಕೂರಿಸಿ, ಆದ ಪುಡಿಯನ್ನು ಆಗಲೇ ಹೊರತೆಗೆದು, ತರಿಯನ್ನಷ್ಟೇ ಮಿಲ್ಲಿಗೆ ಹಿಂದಿರುಗಿಸಿದ ಮೇಲೆ ಮತ್ತೆ ಗಂಟೆಗೆ 4 ಟನ್ ಹಾಕಲು ಸಾಧ್ಯವಾಯಿತು, ದೂರೂ ನಿಂತಿತು.

ಈಗ ನಿಮ್ಮ ಕೊಟೇಶನ್ನುಗಳು. 75 ಕಿಲೋವ್ಯಾಟಿನ, ಅಂದರೆ 100 ಎಚ್‌ಪಿಯ, ನಾಲ್ಕು ಪೋಲ್ ಮೋಟಾರಿನಲ್ಲಿ ಅದರ ಕೆಳಗಿನ ದರ್ಜೆಯಾದ ಐಇ2ರ ದಕ್ಷತೆ ಶೇಕಡಾ 94, ಐಇ3ರದ್ದು 95; ಅಂತರ ಅಷ್ಟೇ. ಈಗಿರುವುದು ಸುಟ್ಟು, ಹಲವು ಸಲ ರಿವೈಂಡ್ ಆಗಿದ್ದರೆ ಮಾತು ಬೇರೆ. ವಿಎಫ್‌ಡಿಯಿಂದ ಮಿಲ್ಲಿನ ವೇಗ ತಗ್ಗಿಸಿದರೆ ಗುಂಡು ಸಾಕಷ್ಟು ಮೇಲೇರದೆ ಉರುಳುತ್ತದೆ, ಪುಡಿಯೂ ಕಡಿಮೆಯಾಗುತ್ತದೆ. ಅದನ್ನು ಹಾಕಲೇಬೇಕೆಂದಿದ್ದರೆ ಧೂಳು ಎಳೆಯುವ ಫ್ಯಾನಿಗೆ ಹಾಕಿ. ಫ್ಯಾನಿನ ವೇಗ ಶೇಕಡಾ 10 ಇಳಿದರೆ ಅದು ಎಳೆಯುವ ವಿದ್ಯುತ್ತು ಸುಮಾರು ಶೇಕಡಾ 27 ಇಳಿಯುತ್ತದೆ.

ಮೊದಲು ಒಂದು ವಾರ ಪ್ರತಿ ಪಾಳಿಯ ಮೀಟರ್ ರೀಡಿಂಗ್ ಮತ್ತು ತೂಗಿದ ಚೀಲಗಳ ಲೆಕ್ಕವನ್ನು ಒಂದೇ ಪುಟದಲ್ಲಿ ಬರೆಯಿಸಿ, ಟನ್ನಿಗೆ ಎಷ್ಟು ಯೂನಿಟ್ ಎಂದು ಭಾಗಿಸಿ ನೋಡಿ. ಗಿರಾಕಿ ಕೇಳಿದ ಮೆಶ್ ಎಷ್ಟು, ನೀವು ಕೊಡುತ್ತಿರುವುದು ಎಷ್ಟು ಎಂಬುದನ್ನೂ ಜರಡಿ ಹಿಡಿಸಿ ಇಲ್ಲಿ ತಿಳಿಸಿದರೆ ಮುಂದಿನ ಮಾತು ಹೇಳುತ್ತೇನೆ.