ಮೂಗು ದಪ್ಪವಾದದ್ದು ಕ್ಯಾಮೆರಾದಲ್ಲಿ

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ: “ಮಗಳಿಗೆ ಹದಿನಾಲ್ಕು ವರ್ಷ, ಒಂಬತ್ತನೇ ತರಗತಿ. ಏಳನೇ ತರಗತಿಯಲ್ಲಿದ್ದಾಗ ಫೋನ್ ಕೊಡಿಸಿದೆವು. ಈಗ ರಾತ್ರಿ ಒಂದು ಗಂಟೆಯವರೆಗೂ ಹೊದಿಕೆಯೊಳಗೆ ರೀಲ್ಸ್. ಆರು ತಿಂಗಳಿಂದ ‘ನನ್ನ ಮೂಗು ದಪ್ಪ, ನಾನು ಕಪ್ಪು’ ಎಂದು ಅಳುತ್ತಾಳೆ. ರೀಲ್ಸ್‌ನಲ್ಲಿ ನೋಡಿದ ಯಾವುದೋ ಕ್ರೀಮ್ ತರಿಸಿ ಹಚ್ಚುತ್ತಿದ್ದಾಳೆ. ಸ್ವಲ್ಪ ಕಪ್ಪಾದರೂ ಲಕ್ಷಣವಾಗಿದ್ದಾಳೆ, ಹೇಳಿದರೆ ನಂಬುವುದಿಲ್ಲ. ಫೋನ್ ಕಿತ್ತುಕೊಳ್ಳಲೇ?”

ಸಂಪಾದಕರ ಉತ್ತರ:

ಕಿತ್ತುಕೊಳ್ಳಬೇಡಿ. ರಾತ್ರಿ ಹೊತ್ತು ಮಾತ್ರ ಅವಳ ಕೋಣೆಯಿಂದ ಹೊರಗಿಡಿ. ಅದು ಹೇಗೆಂದು ಮುಂದೆ ಹೇಳುತ್ತೇನೆ. ಮೊದಲು ಮೂಗಿನ ವಿಚಾರ, ಅದು ಇವತ್ತು ಸಂಜೆಯೇ ಇತ್ಯರ್ಥವಾಗುವಂಥದ್ದು.

ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಮಗಳನ್ನು ನಿಲ್ಲಿಸಿ. ಒಂದು ಅಡಿ ದೂರದಿಂದ ಅವಳೇ ಒಂದು ಸೆಲ್ಫಿ ತೆಗೆಯಲಿ. ಅವಳು ಅಲ್ಲಿಂದ ಕದಲಬಾರದು; ನೀವು ಐದು ಅಡಿ ಹಿಂದೆ ಹೋಗಿ ಇನ್ನೊಂದು ಫೋಟೋ ತೆಗೆಯಿರಿ. ಎರಡನೆಯದನ್ನು ಕ್ರಾಪ್ ಮಾಡಿ, ಮುಖದ ಅಳತೆ ಎರಡರಲ್ಲೂ ಒಂದೇ ಆಗುವಂತೆ ಮಾಡಿ ಪಕ್ಕಪಕ್ಕ ಇಡಿ. ಸೆಲ್ಫಿಯಲ್ಲಿ ಮೂಗು ಅಗಲ, ಕಿವಿಗಳು ಹಿಂದಕ್ಕೆ ಸರಿದಿರುತ್ತವೆ. ಕಾರಣ ಸರಳ: ಒಂದು ಅಡಿಯಲ್ಲಿ ಹಿಡಿದ ಕ್ಯಾಮೆರಾಗೆ ಕಿವಿಗಿಂತ ಮೂಗು ತೀರಾ ಹತ್ತಿರ, ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ. 12 ಇಂಚಿನ ಸೆಲ್ಫಿಯಲ್ಲಿ ಮೂಗಿನ ಅಗಲ ಸುಮಾರು ಶೇ 30ರಷ್ಟು ಹಿಗ್ಗಿ ಕಾಣುತ್ತದೆ, 5 ಅಡಿಗೆ ಹೋದರೆ ಈ ವಿಕಾರ ಹೆಚ್ಚುಕಡಿಮೆ ಇಲ್ಲವಾಗುತ್ತದೆ ಎಂದು ಅಮೆರಿಕದ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು.

ಈ ಪರೀಕ್ಷೆ ಕೆಡುವುದು ಎರಡು ಕಡೆ. ಕೆಲವು ಫೋನುಗಳ ಮುಂಬದಿ ಕ್ಯಾಮೆರಾದಲ್ಲಿ ‘ಬ್ಯೂಟಿ’ ಮೋಡ್ ತಾನಾಗಿಯೇ ಆನ್ ಇರುತ್ತದೆ, ಆಫ್ ಮಾಡಿರಿ. ಇನ್ನೊಂದು ನಿಮ್ಮ ಬಾಯಿ. “ನೋಡಿದ್ಯಾ, ನಾನು ಹೇಳಿರಲಿಲ್ವಾ” ಅಂದಿರೋ, ಮುಗಿಯಿತು. ಫೋಟೋಗಳನ್ನು ಅವಳ ಕೈಗೆ ಕೊಟ್ಟು ಸುಮ್ಮನಿರಿ. ಎರಡು ವರ್ಷದಿಂದ ಅವಳು ತನ್ನ ಮುಖವನ್ನು ಒಂದಡಿ ದೂರದಿಂದಲೇ ನೋಡಿಕೊಂಡಿದ್ದಾಳೆ. ಜಗತ್ತಿನಲ್ಲಿ ಯಾರೂ ಅವಳನ್ನು ಅಷ್ಟು ಹತ್ತಿರದಿಂದ ನೋಡುವುದಿಲ್ಲ.

ಇದೆಲ್ಲ ಮೊಬೈಲ್ ಬಂದ ಮೇಲೆ ಶುರುವಾದದ್ದೂ ಅಲ್ಲ. ಫಿಜಿ ದ್ವೀಪಗಳ ನಡ್ರೋಗಾ ಪ್ರಾಂತ್ಯಕ್ಕೆ ಟಿ.ವಿ. ಬಂದದ್ದು 1995ರಲ್ಲಿ. ಮೈಕೈ ತುಂಬಿಕೊಂಡಿರುವುದೇ ಚಂದ ಎನ್ನುವ ಊರು ಅದು. ಆನ್ ಬೆಕರ್ ಎಂಬ ಸಂಶೋಧಕಿ ಅಲ್ಲಿನ ಶಾಲಾ ಹುಡುಗಿಯರನ್ನು ಆ ವರ್ಷವೇ ಮಾತನಾಡಿಸಿದಾಗ, ತೆಳ್ಳಗಾಗಲೆಂದು ಉಂಡದ್ದನ್ನು ವಾಂತಿ ಮಾಡಿಕೊಳ್ಳುವವಳು ಒಬ್ಬಳೂ ಸಿಗಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ ಶೇ 11ರಷ್ಟು ಹುಡುಗಿಯರು ಹೌದು ಎಂದರು. ‘ನಿನ್ನ ಮೈ ಸರಿಯಿಲ್ಲ’ ಎಂದು ಯಾರೂ ಹೇಳಿರಲಿಲ್ಲ, ವಿದೇಶಿ ಧಾರಾವಾಹಿಗಳನ್ನು ನೋಡಿದ್ದರು ಅಷ್ಟೆ.

ಆದರೆ ಟಿ.ವಿ. ಊರಿಗೆಲ್ಲ ಒಂದೇ ಚಿತ್ರ ತೋರಿಸುತ್ತಿತ್ತು. ರೀಲ್ಸ್ ನಿಮ್ಮ ಮಗಳಿಗೆಂದೇ ಆರಿಸಿ ಬಡಿಸುತ್ತದೆ. ಬೆರಳು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಮತ್ತೆ ನೋಡಿದಳೇ ಎಂಬುದು ಅದಕ್ಕೆ ಮುಖ್ಯ. ಬಣ್ಣ ತಿಳಿಯಾಗಿಸುವ ವಿಡಿಯೋ ಮುಂದೆ ಅವಳು ಹತ್ತು ಸೆಕೆಂಡ್ ನಿಂತಾಗ ಅತ್ತಳೋ ನಕ್ಕಳೋ ಅದಕ್ಕೆ ಗೊತ್ತಾಗದು. ನಿಂತಳು, ಹಾಗಾಗಿ ಇನ್ನೈದು ಬರುತ್ತವೆ. ಇದನ್ನು ಅವಳಿಗೆ ಹೇಳಿ; ಈ ವಯಸ್ಸಿನವರಿಗೆ ‘ಫೋನ್ ಕೆಟ್ಟದ್ದು’ ಎಂಬ ಮಾತು ಹಿಡಿಸುವುದಿಲ್ಲ, ‘ನಿನ್ನನ್ನು ಆಟ ಆಡಿಸುತ್ತಿದ್ದಾರೆ’ ಎಂಬುದು ತಟ್ಟುತ್ತದೆ. ಆಮೇಲೆ ಜೊತೆಗೆ ಕೂತು, ಮನಸ್ಸು ಕುಗ್ಗಿಸುವ ಪ್ರತಿ ವಿಡಿಯೋಗೂ ‘ಆಸಕ್ತಿ ಇಲ್ಲ’ ಒತ್ತಿಸಿ. ತೀರಾ ಹದಗೆಟ್ಟಿದ್ದರೆ ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಶಿಫಾರಸುಗಳನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವ ‘ರೀಸೆಟ್’ ಇದೆ. ಮತ್ತೆ ಅಂಥದ್ದರ ಮುಂದೆಯೇ ನಿಂತರೆ ಹಳೆಯ ಕಥೆಯೇ.

ಫೋನೇ ಎಲ್ಲಕ್ಕೂ ಮೂಲ ಎಂದು ನಾನು ಬರೆಯಲಾರೆ. ದೇಹದ ಬಗ್ಗೆ ಮೊದಲೇ ಬೇಸರವಿದ್ದ ಹುಡುಗಿಯರಲ್ಲಿ ಶೇ 32ರಷ್ಟು ಮಂದಿ ‘ಇನ್‌ಸ್ಟಾಗ್ರಾಂ ಅದನ್ನು ಹೆಚ್ಚಿಸಿತು’ ಎಂದಿದ್ದರೆಂಬುದು ಇನ್‌ಸ್ಟಾಗ್ರಾಂನ ಒಡೆತನ ಹೊಂದಿದ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳಿಂದಲೇ 2021ರಲ್ಲಿ ಹೊರಬಿತ್ತು. ಆದರೆ ಆಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್‌ಸ್ಕಿ ಎಂಬ ಸಂಶೋಧಕರು 2019ರಲ್ಲಿ ಲಕ್ಷಗಟ್ಟಲೆ ಹದಿಹರೆಯದವರ ಮಾಹಿತಿ ಜಾಲಾಡಿದಾಗ, ಅವರ ನೆಮ್ಮದಿಯ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ 0.4 ಎಂದು ಕಂಡಿತು. ಎರಡೂ ನಿಜ. ಸರಾಸರಿಯಲ್ಲಿ ಏಟು ಚಿಕ್ಕದು, ಮೊದಲೇ ನೋವಿದ್ದ ಜಾಗಕ್ಕೆ ಬಿದ್ದರೆ ದೊಡ್ಡದು. ವಯಸ್ಸೂ ಲೆಕ್ಕಕ್ಕೆ ಬರುತ್ತದೆ: ಆರ್ಬೆನ್ ತಂಡದ 2022ರ ಬ್ರಿಟನ್ ಅಧ್ಯಯನದಲ್ಲಿ ಹುಡುಗಿಯರಿಗೆ 11ರಿಂದ 13, ಹುಡುಗರಿಗೆ 14–15 ಸೂಕ್ಷ್ಮ ವಯಸ್ಸು. ನೀವು ಫೋನ್ ಕೊಡಿಸಿದ್ದು ಸರಿಯಾಗಿ ಅದರ ನಡುವೆ.

ಈಗ ರಾತ್ರಿಯ ವಿಷಯ. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ತಡವಾಗಿ ಏರುತ್ತದೆ, ಹತ್ತಕ್ಕೆ ನಿದ್ದೆ ಬರಲಿಲ್ಲ ಎಂದರೆ ಅದು ನಾಟಕವಲ್ಲ. ಆದರೆ ಬೇಕಾದದ್ದು 8ರಿಂದ 10 ಗಂಟೆ ನಿದ್ದೆ. ಒಂದಕ್ಕೆ ಮಲಗಿ ಆರಕ್ಕೆ ಎದ್ದರೆ ಸಿಗುವುದು ಐದು. ನಿದ್ದೆಗೆಟ್ಟ ಕಣ್ಣಿಗೆ ಕನ್ನಡಿಯೂ ಕೆಟ್ಟದಾಗಿಯೇ ಕಾಣುತ್ತದೆ. ರಾತ್ರಿ ಒಂಬತ್ತೂವರೆಗೆ ಮನೆಯವರೆಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ ಹೋಗಲಿ. ಅಲಾರಂ ಬೇಕು ಎಂಬ ನೆಪ ಬರುತ್ತದೆ, ಗಡಿಯಾರ ತಂದಿಡಿ. ‘ಹೋಂವರ್ಕ್ ಗ್ರೂಪಿನಲ್ಲಿ ಬರುತ್ತೆ’ ಎನ್ನುತ್ತಾಳೆ, ಅದನ್ನು ಒಂಬತ್ತರೊಳಗೆ ಬರೆದುಕೊಳ್ಳಲಿ. ಮೊದಲ ವಾರ ಜಗಳ ಖಂಡಿತ. ಈ ನಿಯಮ ಮುರಿಯುವುದು ಸಾಮಾನ್ಯವಾಗಿ ಮಗಳಿಂದಲ್ಲ, ದಿಂಬಿನ ಪಕ್ಕದಲ್ಲೇ ಫೋನ್ ಇಟ್ಟುಕೊಂಡು ಮಲಗುವ ಅಪ್ಪನಿಂದ.

ಖಾತೆಯಲ್ಲಿ ಅವಳ ಹುಟ್ಟಿದ ವರ್ಷ ಏನೆಂದು ನೋಡಿ. 13 ತುಂಬದೆ ಇನ್‌ಸ್ಟಾಗ್ರಾಂ ಖಾತೆ ಕೊಡುವುದಿಲ್ಲವಾದ್ದರಿಂದ ಮಕ್ಕಳು ಸುಳ್ಳು ವರ್ಷ ಹಾಕುತ್ತಾರೆ, ಆ ಲೆಕ್ಕದಲ್ಲಿ ವಯಸ್ಸು 18 ದಾಟಿದ್ದರೆ ಹದಿಹರೆಯದವರಿಗಿರುವ ರಕ್ಷಣೆ ಅನ್ವಯವಾಗದೆ ಹೋಗಬಹುದು. ಭಾರತದಲ್ಲಿ 2025ರ ಫೆಬ್ರವರಿಯಿಂದ ಬಂದ ‘ಟೀನ್ ಅಕೌಂಟ್’ನಲ್ಲಿ ಖಾತೆ ತಾನಾಗಿ ಖಾಸಗಿಯಾಗುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಷನ್ ಸದ್ದು ಮಾಡುವುದಿಲ್ಲ, 60 ನಿಮಿಷಕ್ಕೆ ಎಚ್ಚರಿಕೆ ಬರುತ್ತದೆ; 16ರೊಳಗಿನವರು ಸಡಿಲಿಸಬೇಕೆಂದರೆ ಹೆತ್ತವರ ಒಪ್ಪಿಗೆ ಬೇಕು. ಆ ಎಚ್ಚರಿಕೆಯನ್ನು ಬೆರಳಿನಿಂದ ಸರಿಸಿಬಿಡಬಹುದು ಎಂಬುದೂ ನೆನಪಿರಲಿ. ಆಸ್ಟ್ರೇಲಿಯಾ 16ರೊಳಗಿನವರಿಗೆ ಖಾತೆಯನ್ನೇ ನಿಷೇಧಿಸಿದೆ. ಅದರ ಫಲ ತಿಳಿಯುವವರೆಗೆ ಕಾಯುವ ಪುರುಸೊತ್ತು ನಿಮಗಿಲ್ಲ.

ಇನ್ನು ನಿಮ್ಮ ಪತ್ರದ ಒಂದು ಪದ. ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂದಿದ್ದೀರಿ. ಆ ‘ಆದರೂ’ ರೀಲ್ಸ್‌ನಿಂದ ಬಂದದ್ದಲ್ಲ. ಅವಳು ಅದನ್ನು ಚಿಕ್ಕಂದಿನಿಂದ ಮದುವೆಮನೆಗಳಲ್ಲಿ, ಅಜ್ಜಿಯ ಬಾಯಲ್ಲಿ, ಪ್ರೀತಿಯಿಂದಲೇ ಹೇಳಿದ್ದಾಗಿ ಕೇಳಿದ್ದಾಳೆ. ಮನೆಯಲ್ಲಿ ಒಂದು ತಿಂಗಳು ಯಾರ ಬಣ್ಣ, ತೂಕದ ಮಾತನ್ನೂ ಎತ್ತದೆ ನೋಡಿ, ಹೊಗಳುವುದಕ್ಕೂ ಬೇಡ.

ಊಟ ಬಿಡುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಮುಖದ ಕಾರಣಕ್ಕೆ ಶಾಲೆ ತಪ್ಪಿಸುವುದು ಎರಡು ವಾರ ಮುಂದುವರಿದರೆ ವೈದ್ಯರನ್ನು ಕಾಣಿ. ಕೈ ಕೊಯ್ದುಕೊಂಡ ಗುರುತು ಕಂಡರೆ, ಸಾವಿನ ಮಾತು ಬಂದರೆ ಅದೇ ದಿನ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್ ಗೀಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ.

ಕೊನೆಗೆ ಆ ಕ್ರೀಮ್. ಟ್ಯೂಬಿನ ಮೇಲೆ ಕ್ಲೋಬೆಟಸೋಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂದಿದೆಯೇ ನೋಡಿ. ಇವು ಸ್ಟಿರಾಯ್ಡ್‌ಗಳು. ಮೊದಲ ಕೆಲವು ವಾರ ಮುಖ ತಿಳಿಯಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ಮೊಡವೆ ಏಳುತ್ತದೆ. ನಿಲ್ಲಿಸಿದೊಡನೆ ಮುಖ ಕೆಂಪಾಗಿ ಉರಿಯುವುದರಿಂದ ‘ಇದಿಲ್ಲದೆ ಆಗದು’ ಎಂದು ಮಕ್ಕಳು ಮತ್ತೆ ಹಚ್ಚುತ್ತಾರೆ. ತಿಂಗಳುಗಟ್ಟಲೆ ಹಚ್ಚಿದ್ದರೆ ನಿಲ್ಲಿಸುವುದನ್ನೂ ಚರ್ಮವೈದ್ಯರ ಮೂಲಕವೇ ಮಾಡಿ. ಟ್ಯೂಬನ್ನು ಸಿಟ್ಟಿನಲ್ಲಿ ಎಸೆಯಬೇಡಿ, ವೈದ್ಯರ ಬಳಿ ಹೋಗುವಾಗ ಜೊತೆಗೆ ಒಯ್ಯಿರಿ.